ಇವತ್ತಿನ ಹಾಡು ಮುಂದಿನ ತಲೆಮಾರಿಗೂ ಹಿಡಿಸುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇವತ್ತು ಎಲ್ಲರೂ ಗುನುಗುವ ಹಾಡನ್ನು ಐವತ್ತು ವರ್ಷ ಕಳೆದ ಮೇಲೂ ಯಾರಾದರೂ ಕೇಳುತ್ತಾರಾ?

ಹೆಚ್ಚಿನ ಹಾಡುಗಳನ್ನು ಕೇಳುವುದಿಲ್ಲ. ಕೆಲವನ್ನು ಖಂಡಿತ ಕೇಳುತ್ತಾರೆ. ಆ ಕೆಲವು ಯಾವುವು ಅಂತ ಇವತ್ತಿನ ಜನಪ್ರಿಯತೆ ನೋಡಿ ಹೇಳಲು ಆಗುವುದಿಲ್ಲ, ಅಷ್ಟೇ.

1967ರ ಬ್ರಿಟನ್ನನ್ನೇ ನೋಡಿ. ಆ ವರ್ಷ ಬೀಟಲ್ಸ್ ತಂಡ 'ಪೆನ್ನಿ ಲೇನ್' ಮತ್ತು 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಹಾಡುಗಳನ್ನು ಒಂದೇ ರೆಕಾರ್ಡಿನ ಎರಡು ಬದಿಗಳಲ್ಲಿ ಹೊರತಂದಿತು. ಅಲ್ಲಿನ ಅಧಿಕೃತ ಮಾರಾಟದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೆ ಬರಲೇ ಇಲ್ಲ. ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ' ಆ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಆ ವರ್ಷ ಅಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ (ಒಂದೆರಡು ಹಾಡಿನ ಸಣ್ಣ ರೆಕಾರ್ಡ್) ಕೂಡ ಅದೇ. ಇವತ್ತು ಇಪ್ಪತ್ತು ವರ್ಷದ ಹುಡುಗ ಹುಡುಗಿಯರನ್ನು ಕೇಳಿದರೆ ಎರಡರಲ್ಲಿ ಯಾವುದು ಅವರಿಗೆ ಗೊತ್ತಿರುತ್ತದೆ ಅಂತ ನಿಮಗೇ ಊಹಿಸಲು ಆಗುತ್ತದೆ. 'ರಿಲೀಸ್ ಮಿ' ಕೆಟ್ಟ ಹಾಡು ಅಂತ ನಾನು ಹೇಳುತ್ತಿಲ್ಲ. ಲಕ್ಷಾಂತರ ಜನ ಅದನ್ನು ನಿಜವಾಗಿ ಪ್ರೀತಿಸಿದರು. ಆದರೆ ಅವರ ಪ್ರೀತಿ ಅವರ ಮಕ್ಕಳಿಗೆ ಅಷ್ಟಾಗಿ ದಾಟಲಿಲ್ಲ.

ಈ ಪುಟದ ಉಳಿದ ಉತ್ತರಗಳೆಲ್ಲ ಈ 'ದಾಟುವುದು' ಹೇಗೆ ಅನ್ನುವುದರ ಸುತ್ತಲೇ ಇವೆ. ಹಾಡು ತಾನಾಗಿ ಉಳಿಯುವುದಿಲ್ಲ. ಯಾರೋ ಅದನ್ನು ಮುಂದಿನವರ ಕಿವಿಗೆ ಹಾಕಬೇಕು.

ಹಳೆಯ ಹಾಡುಗಳೇ ಚೆನ್ನಾಗಿದ್ದವು, ಈಗಿನವು ಯಾವುವೂ ಉಳಿಯುವಂಥವಲ್ಲ. ಇದು ನಿಜ ತಾನೇ?

ನಿಜ ಅಲ್ಲ. ಹೀಗೆ ಅನ್ನಿಸುವುದಕ್ಕೆ ಮಾತ್ರ ಕಾರಣ ಇದೆ. ಹಳೆಯ ಕಾಲದ ಹಾಡುಗಳು ನಮ್ಮ ಹತ್ತಿರ ಬರುವ ಹೊತ್ತಿಗೆ ಜರಡಿ ಹಿಡಿದಾಗಿರುತ್ತದೆ. ಹೊಟ್ಟೆಲ್ಲ ಹಾರಿಹೋಗಿ ಕಾಳು ಉಳಿದಿರುತ್ತದೆ. ಈಗಿನ ಹಾಡುಗಳು ಇನ್ನೂ ಜರಡಿಗೆ ಬಿದ್ದಿಲ್ಲ. ಉಳಿದ ಹತ್ತು ಹಳೆಯ ಹಾಡುಗಳನ್ನು ಈ ವಾರ ಬಂದ ನೂರು ಹೊಸ ಹಾಡುಗಳ ಪಕ್ಕ ಇಟ್ಟರೆ ಹೋಲಿಕೆ ಸರಿಯಾಗುವುದಾದರೂ ಹೇಗೆ?

ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ 'ಹಾಟ್ 100' ಎಂಬ ಜನಪ್ರಿಯ ಹಾಡುಗಳ ಪಟ್ಟಿ 1958ರ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿಂದ ವಾರ ವಾರವೂ ನೂರು ಹಾಡುಗಳ ಹೆಸರು ದಾಖಲಾಗಿದೆ. ಅರವತ್ತರ ದಶಕದ ಯಾವುದಾದರೂ ಒಂದು ವಾರದ ಪಟ್ಟಿ ತೆಗೆದು ಮೇಲಿನಿಂದ ಕೆಳಗಿನವರೆಗೆ ಓದಿ. ಗೊತ್ತಿರುವ ಹಾಡುಗಳನ್ನು ಬೆರಳಲ್ಲಿ ಎಣಿಸಬಹುದು. ಉಳಿದವನ್ನು ಹಾಕಿಕೊಂಡು ಕೇಳಿ ನೋಡಿ. ಎಷ್ಟೋ ಹಾಡುಗಳು ಸುಮ್ನೆ ಬಂದು ಸುಮ್ನೆ ಹೋದಂಥವು.

ಹೊಸ ಸಂಗೀತ ಕೆಟ್ಟುಹೋಗಿದೆ ಅನ್ನುವ ಗೊಣಗಾಟವೂ ತುಂಬಾ ಹಳೆಯದು. ಇವತ್ತು ಬಹಳ ಶಿಷ್ಟ ಅನ್ನಿಸಿಕೊಳ್ಳುವ ವಾಲ್ಟ್ಜ್ ಕುಣಿತವನ್ನು 1816ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಅಸಭ್ಯ ಅಂತ ಬೈದಿತ್ತು. 1920ರ ದಶಕದಲ್ಲಿ ಜಾಝ್ ಬೈಸಿಕೊಂಡಿತು. 1950ರ ದಶಕದಲ್ಲಿ ರಾಕ್ ಅಂಡ್ ರೋಲ್ ಸರದಿ. ಆಮೇಲೆ ಹಿಪ್ ಹಾಪ್. ಬೈಸಿಕೊಂಡ ನಾಲ್ಕೂ ಇವತ್ತು ಗೌರವದ ಜಾಗದಲ್ಲಿವೆ.

ಹರೆಯದಲ್ಲಿ ಕೇಳಿದ ಹಾಡೇ ಜೀವನವಿಡೀ ಯಾಕೆ ಅಂಟಿಕೊಳ್ಳುತ್ತದೆ?

ಮೊದಲ ಗೆಳೆತನ, ಮೊದಲ ಪ್ರೀತಿ, ಮನೆ ಬಿಟ್ಟು ಹೊರಗೆ ಬಂದ ದಿನಗಳು. ಇವೆಲ್ಲ ನಡೆಯುವುದು ಆ ವಯಸ್ಸಿನಲ್ಲೇ. ಹಾಡು ಆ ನೆನಪುಗಳ ಜೊತೆಗೇ ಮನಸ್ಸಿನಲ್ಲಿ ಕೂರುತ್ತದೆ. ವಯಸ್ಸಾದವರನ್ನು ಹಳೆಯದು ಹೇಳಿ ಅಂದರೆ ಸುಮಾರು ಹತ್ತರಿಂದ ಮೂವತ್ತರ ನಡುವಿನ ನೆನಪುಗಳೇ ಜಾಸ್ತಿ ಹೊರಗೆ ಬರುತ್ತವೆ. ಮನಶ್ಶಾಸ್ತ್ರದಲ್ಲಿ ಇದು ಚೆನ್ನಾಗಿ ಗೊತ್ತಿರುವ ಸಂಗತಿ.

ಮಾರಿಸ್ ಹೋಲ್‌ಬ್ರುಕ್ ಮತ್ತು ರಾಬರ್ಟ್ ಷಿಂಡ್ಲರ್ ಎಂಬ ಸಂಶೋಧಕರು 1989ರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಬೇರೆ ಬೇರೆ ದಶಕದ ಜನಪ್ರಿಯ ಹಾಡುಗಳನ್ನು ಕೇಳಿಸಿ, ಎಷ್ಟು ಇಷ್ಟವಾಯಿತು ಅಂತ ವಿಚಾರಿಸಿದರು. ತಮಗೆ ಸುಮಾರು 24 ವರ್ಷ ಇದ್ದಾಗ ಬಂದ ಹಾಡುಗಳತ್ತ ಜನರ ಒಲವು ಅತಿ ಹೆಚ್ಚಾಗಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಹಾಡು ಚೆನ್ನಾಗಿದೆ ಅನ್ನುವುದಕ್ಕೆ ಇದು ಪುರಾವೆ ಅಲ್ಲ. ನಾವು ಆಗ ಬದುಕಿದ್ದೆವು ಅನ್ನುವುದಕ್ಕೆ ಪುರಾವೆ, ಅಷ್ಟೇ. ಮುಂದಿನ ತಲೆಮಾರಿಗೆ ಆ ನೆನಪು ಇರುವುದಿಲ್ಲ. ಅವರ ಮುಂದೆ ಹಾಡು ಒಂಟಿಯಾಗಿ ನಿಲ್ಲಬೇಕಾಗುತ್ತದೆ.

ಹಾಗಾದರೆ ನನ್ನ ಕಾಲದ ಹಾಡು ನನ್ನ ಮಕ್ಕಳಿಗೆ ಹಿಡಿಸುವುದೇ ಇಲ್ವಾ?

ಹಿಡಿಸಬಹುದು. ಇದಕ್ಕೆ ಒಳ್ಳೆಯ ಆಧಾರವೇ ಇದೆ, ನನಗೆ ತುಂಬಾ ಇಷ್ಟವಾದ ಆಧಾರ. ಕ್ಯಾರಲ್ ಕ್ರಮ್‌ಹನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಸುಮಾರು ಇಪ್ಪತ್ತು ವರ್ಷದ ಯುವಕ ಯುವತಿಯರಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ತಮ್ಮದೇ ಕಾಲದ ಹಾಡುಗಳು ಅವರಿಗೆ ಹೆಚ್ಚು ಗೊತ್ತಿದ್ದವು. ಅದು ಸಹಜ. ಆದರೆ 1980ರ ದಶಕದ ಶುರುವಿನ ಹಾಡುಗಳ ಹತ್ತಿರ ಬಂದಾಗ ಗುರುತು, ಇಷ್ಟ ಎರಡೂ ಮತ್ತೆ ಮೇಲೇರಿದವು. ಅದು ಅವರ ಅಪ್ಪ ಅಮ್ಮ ಹರೆಯದಲ್ಲಿದ್ದ ಕಾಲ! 1960ರ ದಶಕದ ಹತ್ತಿರ ಇನ್ನೊಂದು ಏರು ಕಂಡಿತು. ಅದು ಅಜ್ಜ ಅಜ್ಜಿಯರಿಂದ ಬಂದಿರಬಹುದು, ಇಲ್ಲವೇ ಆ ದಶಕದ ಹಾಡುಗಳಲ್ಲೇ ಏನೋ ಗಟ್ಟಿತನ ಇದ್ದಿರಬಹುದು ಅಂತ ಅವರು ಎರಡೂ ಸಾಧ್ಯತೆಯನ್ನು ಮುಂದಿಟ್ಟರು.

ಅಂದರೆ ಮನೆಯಲ್ಲಿ ದೊಡ್ಡವರು ತಮಗಾಗಿ ಹಾಕಿಕೊಂಡ ಹಾಡು ಮಗುವಿನ ಕಿವಿಗೂ ಬೀಳುತ್ತದೆ. ಯಾರೂ ಪಾಠ ಮಾಡಬೇಕಿಲ್ಲ. ಅಡುಗೆ ಮಾಡುತ್ತಾ ಗುನುಗಿದ್ದು, ದೂರದ ಪ್ರಯಾಣದಲ್ಲಿ ಕಾರಿನಲ್ಲಿ ಹಾಕಿದ್ದು, ಇಷ್ಟು ಸಾಕು.

ಎಷ್ಟು ಹಿಂದಿನವರೆಗೆ ಹಾಡುಗಳು ಹೊಸಬರಿಗೆ ಗೊತ್ತಿರುತ್ತವೆ?

ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಇದನ್ನೇ ಅಳೆದು ನೋಡಿದರು. 1940ರಿಂದ 2015ರವರೆಗೆ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದ ಹಾಡುಗಳ ತುಣುಕುಗಳನ್ನು 643 ಜನರಿಗೆ ಕೇಳಿಸಿದರು. ಹೆಚ್ಚಿನವರು ಯುವಕರು. 2000ದ ಈಚಿನ ಹಾಡುಗಳು ತುಂಬಾ ಗೊತ್ತಿದ್ದವು, ಆದರೆ ಹಿಂದಕ್ಕೆ ಹೋದಂತೆ ಗುರುತು ಬೇಗ ಬೇಗ ಇಳಿಯಿತು. 1940 ಮತ್ತು 50ರ ದಶಕದ ಹಾಡುಗಳು ಹೆಚ್ಚಿನಂಶ ಮರೆತೇ ಹೋಗಿದ್ದವು. ಆದರೆ 1960ರಿಂದ 1990ರ ದಶಕದ ಕೊನೆಯವರೆಗಿನ ಹಾಡುಗಳ ಗುರುತು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿತ್ತು. ನಲವತ್ತು ವರ್ಷದ ಒಂದು ಸಮತಟ್ಟು!

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಮರೆವು ಕಾಲದ ಲೆಕ್ಕಕ್ಕೆ ಸರಿಯಾಗಿ ನಡೆಯುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಭಾರೀ ಕುಸಿತ ಇರುತ್ತದೆ. ಅದನ್ನು ದಾಟಿದ ಹಾಡು ಆಮೇಲೆ ಬಹಳ ಕಾಲ ನಿಲ್ಲಬಲ್ಲದು.

ಒಳ್ಳೆಯ ಹಾಡು ಯಾವತ್ತಿದ್ದರೂ ಗೆದ್ದೇ ಗೆಲ್ಲುತ್ತದೆ ಅಲ್ವಾ?

ಹಾಗೆ ನಂಬಲು ಮನಸ್ಸು ಬಯಸುತ್ತದೆ. ಆದರೆ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ ಎಂಬ ಮೂವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತದೆ. ಯಾರಿಗೂ ಗೊತ್ತಿಲ್ಲದ ತಂಡಗಳ 48 ಹಾಡುಗಳನ್ನು ಅವರು ಒಂದು ಜಾಲತಾಣದಲ್ಲಿಟ್ಟರು. 14,000ಕ್ಕೂ ಹೆಚ್ಚು ಜನ ಬಂದು ಕೇಳಿದರು. ಕೆಲವರಿಗೆ ಹಾಡಿನ ಹೆಸರು ಮಾತ್ರ ಕಾಣುತ್ತಿತ್ತು. ಉಳಿದವರನ್ನು ಎಂಟು ಬೇರೆ ಬೇರೆ ಗುಂಪು ಮಾಡಿ, ಅವರ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅಂತಲೂ ತೋರಿಸಿದರು. ಹಾಡುಗಳು ಅವೇ 48. ಆದರೂ ಗುಂಪಿನಿಂದ ಗುಂಪಿಗೆ ಗೆದ್ದ ಹಾಡು ಬದಲಾಯಿತು. ತುಂಬಾ ಚೆನ್ನಾಗಿದ್ದ ಹಾಡು ಪೂರ್ತಿ ಸೋತದ್ದು ಅಪರೂಪ, ತೀರಾ ಸಪ್ಪೆ ಹಾಡು ಗೆದ್ದದ್ದೂ ಅಪರೂಪ. ನಡುವಿನ ಹಾಡುಗಳ ಪಾಡು ಮಾತ್ರ ಮೊದಲು ಬಂದವರು ಯಾವುದನ್ನು ಒತ್ತಿದರು ಅನ್ನುವುದರ ಮೇಲೆ ನಿಂತಿತ್ತು.

ಇದು ಒಂದು ಸಣ್ಣ ಪ್ರಯೋಗದ ಮಾತಾಯಿತು. ಹೊರಗಿನ ಜಗತ್ತಿನಲ್ಲಿ ಅದೃಷ್ಟದ ಪಾಲು ಇನ್ನೂ ದೊಡ್ಡದು. ರಾಬರ್ಟ್ ಜಾನ್ಸನ್ ಅನ್ನುವ ಬ್ಲೂಸ್ (ಅಮೆರಿಕದ ಕಪ್ಪು ಜನರ ಹಾಡಿನ ಧಾಟಿ) ಗಾಯಕ 1936 ಮತ್ತು 1937ರಲ್ಲಿ ಟೆಕ್ಸಸ್‌ನಲ್ಲಿ 29 ಹಾಡುಗಳನ್ನು ರೆಕಾರ್ಡ್ ಮಾಡಿದರು. 1938ರಲ್ಲಿ, 27ನೇ ವಯಸ್ಸಿಗೆ ತೀರಿಕೊಂಡರು. ಆಗ ಅವರ ಹೆಸರು ಬಲ್ಲವರು ಕೆಲವೇ ಜನ. 1961ರಲ್ಲಿ ಒಂದು ಕಂಪನಿ ಆ ಹಳೆಯ ರೆಕಾರ್ಡಿಂಗ್‌ಗಳನ್ನು ಸೇರಿಸಿ ಒಂದು ಎಲ್‌ಪಿ (ಹಲವು ಹಾಡುಗಳ ದೊಡ್ಡ ರೆಕಾರ್ಡ್) ಹೊರತಂದಿತು. ಅದು ಮುಂದೆ ಹೆಸರಾಂತ ರಾಕ್ ಗಿಟಾರ್ ವಾದಕರಾದ ಎರಿಕ್ ಕ್ಲಾಪ್ಟನ್, ಕೀತ್ ರಿಚರ್ಡ್ಸ್‌ರಂಥ ಹುಡುಗರ ಕೈಗೆ ಸಿಕ್ಕಿತು. ಅವರಿಂದ ಇಡೀ ರಾಕ್ ಸಂಗೀತಕ್ಕೆ ಅದರ ಬಣ್ಣ ಹತ್ತಿತು. ಆ ಎಲ್‌ಪಿ ಬರದೇ ಹೋಗಿದ್ದರೆ? 29 ಹಾಡುಗಳು ಅಷ್ಟೇ ಚೆನ್ನಾಗಿರುತ್ತಿದ್ದವು. ಕೇಳುವವರು ಇರುತ್ತಿರಲಿಲ್ಲ.

ಹೀಗೆ ಯಾರ ಕಣ್ಣಿಗೂ ಬೀಳದೆ ಉಳಿದ ಒಳ್ಳೆಯ ಹಾಡುಗಳು ಎಷ್ಟಿರಬಹುದು ಅಂತ ಯೋಚಿಸಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮರೆತುಹೋದ ಹಾಡು ಮತ್ತೆ ಹೇಗೆ ಬರುತ್ತದೆ?

ಹೆಚ್ಚಾಗಿ ಸಿನಿಮಾ, ಧಾರಾವಾಹಿ, ಸಣ್ಣ ವಿಡಿಯೊಗಳ ಬಾಗಿಲಿನಿಂದ. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬ್ರಿಟನ್ನಿನಲ್ಲಿ ಮೂರನೇ ಸ್ಥಾನದವರೆಗೆ ಹೋಗಿತ್ತು. 2022ರಲ್ಲಿ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಬಂತು. 37 ವರ್ಷದ ಮೇಲೆ ಅದೇ ಹಾಡು ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಕೇಳಿದವರಲ್ಲಿ ಎಷ್ಟೋ ಜನ 1985ರಲ್ಲಿ ಹುಟ್ಟಿರಲೇ ಇಲ್ಲ. ಫ್ಲೀಟ್‌ವುಡ್ ಮ್ಯಾಕ್ ತಂಡದ 1977ರ 'ಡ್ರೀಮ್ಸ್' 2020ರಲ್ಲಿ ಒಂದು ಟಿಕ್‌ಟಾಕ್ ವಿಡಿಯೊದಿಂದ ಮತ್ತೆ ಪಟ್ಟಿಗೆ ಬಂತು.

ಇದು ಮೊಬೈಲ್ ಕಾಲದ ಚಮತ್ಕಾರ ಅಂದುಕೊಳ್ಳಬೇಡಿ. ಸ್ಕಾಟ್ ಜಾಪ್ಲಿನ್ ಪಿಯಾನೊಗಾಗಿ ಬರೆದ 'ದಿ ಎಂಟರ್‌ಟೇನರ್' 1902ರದು. ಜಾಪ್ಲಿನ್ 1917ರಲ್ಲಿ ತೀರಿಕೊಂಡರು. ಅವರ ಧಾಟಿಯ ರ್‍ಯಾಗ್‌ಟೈಮ್ ಸಂಗೀತವೇ ಹಳತಾಗಿ ಹೋಯಿತು. 1970ರಲ್ಲಿ ಜೋಶುವಾ ರಿಫ್ಕಿನ್ ಎಂಬ ಪಿಯಾನೊ ವಾದಕ ಆ ರಚನೆಗಳನ್ನು ಪ್ರೀತಿಯಿಂದ ನುಡಿಸಿ ಒಂದು ರೆಕಾರ್ಡ್ ಮಾಡಿದರು. 1973ರಲ್ಲಿ 'ದಿ ಎಂಟರ್‌ಟೇನರ್' ಅನ್ನು 'ದಿ ಸ್ಟಿಂಗ್' ಸಿನಿಮಾದಲ್ಲಿ ಬಳಸಿದರು. ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಅದೇ ರಾಗ. 1976ರಲ್ಲಿ ಜಾಪ್ಲಿನ್ ಅವರಿಗೆ ಮರಣೋತ್ತರವಾಗಿ ಪುಲಿಟ್ಜರ್ ವಿಶೇಷ ಗೌರವ ಸಿಕ್ಕಿತು.

ನನ್ನನ್ನು ಹೆಚ್ಚು ತಟ್ಟಿದ್ದು ರೊಡ್ರಿಗೆಸ್ ಅವರ ಕಥೆ. ಅಮೆರಿಕದ ಡೆಟ್ರಾಯಿಟ್‌ನ ಈ ಗಾಯಕನ ಎರಡು ಆಲ್ಬಂಗಳು 1970 ಮತ್ತು 1971ರಲ್ಲಿ ಬಂದವು. ಯಾರೂ ಕೊಳ್ಳಲಿಲ್ಲ. ಅವರು ಹಾಡುವುದನ್ನು ಬದಿಗಿಟ್ಟು ಕೂಲಿ ಕೆಲಸಕ್ಕೆ ಹೋದರು. ಆದರೆ ಆ ರೆಕಾರ್ಡುಗಳು ಹೇಗೋ ದಕ್ಷಿಣ ಆಫ್ರಿಕಾ ತಲುಪಿದ್ದವು. ವರ್ಣಭೇದದ ಆಡಳಿತ ಇದ್ದ ಆ ದೇಶದ ಯುವಜನ ಅವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ಅಲ್ಲಿ ರೊಡ್ರಿಗೆಸ್ ದೊಡ್ಡ ಹೆಸರಾದರು. ಗಾಯಕನಿಗೆ ಅದರ ಸುಳಿವೇ ಇರಲಿಲ್ಲ. ಅಭಿಮಾನಿಗಳಲ್ಲಿ ಹಲವರು ಅವರು ಸತ್ತೇ ಹೋಗಿದ್ದಾರೆ ಅಂದುಕೊಂಡಿದ್ದರು. ಕೊನೆಗೆ ಹುಡುಕಿ ಹೊರಟವರಿಗೆ ಅವರು ಸಿಕ್ಕರು. 1998ರಲ್ಲಿ ಅಲ್ಲಿಗೆ ಹೋಗಿ ತುಂಬಿದ ಸಭೆಗಳ ಮುಂದೆ ಹಾಡಿದರು. ಈ ಕಥೆಯನ್ನು ಹೇಳಿದ 2012ರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಬಂತು. ಹುಟ್ಟಿದ ನೆಲದಲ್ಲಿ ಬೇರು ಬಿಡದ ಹಾಡು ಬೇರೆ ನೆಲದಲ್ಲಿ, ಬೇರೆ ತಲೆಮಾರಿನಲ್ಲಿ ಬೇರು ಬಿಟ್ಟಿತು.

ಬೇರೆಯವರು ಮತ್ತೆ ಹಾಡಿದರೆ ಮೂಲ ಹಾಡಿಗೆ ಒಳ್ಳೆಯದಾ, ಕೆಟ್ಟದ್ದಾ?

ಒಳ್ಳೆಯದು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಲೆನರ್ಡ್ ಕೋಹೆನ್ ಅವರ 'ಹಲ್ಲೆಲೂಯ' ಇರುವ ಆಲ್ಬಂ 1984ರದು. ಅಮೆರಿಕದಲ್ಲಿ ಅದನ್ನು ಬಿಡುಗಡೆ ಮಾಡಲು ಅವರ ರೆಕಾರ್ಡ್ ಕಂಪನಿ ಆಗ ಒಪ್ಪಲಿಲ್ಲ. 1991ರಲ್ಲಿ ಜಾನ್ ಕೇಲ್ ಅದನ್ನು ಪಿಯಾನೊ ಜೊತೆ ಹಾಡಿದರು. ಅದನ್ನು ಕೇಳಿ ಜೆಫ್ ಬಕ್ಲಿ 1994ರಲ್ಲಿ ಗಿಟಾರ್ ಹಿಡಿದು ಹಾಡಿದರು. 2001ರಲ್ಲಿ 'ಶ್ರೆಕ್' ಅನಿಮೇಷನ್ ಸಿನಿಮಾದಲ್ಲಿ ಕೇಲ್ ಹಾಡಿದ್ದು ಬಂತು. ಆಮೇಲೆ ಲೆಕ್ಕವಿಲ್ಲದಷ್ಟು ಜನ ಹಾಡಿದರು. ಮೂಲ ಹಾಡು ಅಳಿಸಿಹೋಯಿತಾ? ಇಲ್ಲ. ಇವರೆಲ್ಲರನ್ನು ಕೇಳಿದವರು ಹುಡುಕಿಕೊಂಡು ಕೋಹೆನ್ ಬಳಿಗೇ ಬಂದರು.

ಮೂಲದವರ ಹೆಸರನ್ನು ಮುಚ್ಚಿಡುವುದು ಮಾತ್ರ ತಪ್ಪು. ಹಾಡು ಬೇರೆಯವರ ದನಿಯಲ್ಲಿ ಬಂದಾಗ ಬರೆದವರು, ರಾಗ ಹಾಕಿದವರು, ಮೊದಲು ಹಾಡಿದವರು ಯಾರು ಅಂತ ಹೇಳಲೇಬೇಕು.

ರೀಮಿಕ್ಸ್, ಸ್ಯಾಂಪಲ್ ಇವೆಲ್ಲ ಹಾಡನ್ನು ಉಳಿಸುತ್ತವಾ?

ತುಣುಕಾಗಿ ಉಳಿಸುತ್ತವೆ. ಸ್ಯಾಂಪಲ್ ಅಂದರೆ ಹಳೆಯ ರೆಕಾರ್ಡಿನ ತುಣುಕನ್ನು ಕತ್ತರಿಸಿ ಹೊಸ ಹಾಡಿನಲ್ಲಿ ಬಳಸುವುದು. ಕೆಲವೊಮ್ಮೆ ಇಡೀ ಹಾಡಿಗಿಂತ ತುಣುಕಿನ ಆಯುಸ್ಸೇ ದೊಡ್ಡದು. ವಿನ್‌ಸ್ಟನ್ಸ್ ಎಂಬ ತಂಡ 1969ರಲ್ಲಿ ಒಂದು ರೆಕಾರ್ಡ್ ಮಾಡಿತು. ಅದರ ಮುಖ್ಯ ಬದಿಯ 'ಕಲರ್ ಹಿಮ್ ಫಾದರ್' ಹಿಟ್ ಆಯಿತು, ಗ್ರ್ಯಾಮಿ ಪ್ರಶಸ್ತಿಯೂ ಬಂತು. ಹಿಂದಿನ ಬದಿಯಲ್ಲಿ 'ಅಮೆನ್, ಬ್ರದರ್' ಅನ್ನುವ ವಾದ್ಯ ಸಂಗೀತ ಇತ್ತು. ಅದರ ನಡುವೆ ಗ್ರೆಗರಿ ಕೋಲ್ಮನ್ ಒಬ್ಬರೇ ಡ್ರಮ್ ಬಾರಿಸುವ ಸುಮಾರು ಏಳು ಸೆಕೆಂಡುಗಳ ಒಂದು ಭಾಗ ಇದೆ. ಎಂಬತ್ತರ ದಶಕದಲ್ಲಿ ಹಿಪ್ ಹಾಪ್ ಕಲಾವಿದರು ಆ ಏಳು ಸೆಕೆಂಡನ್ನು ಕತ್ತರಿಸಿ ಬಳಸತೊಡಗಿದರು. ಆಮೇಲೆ ಬ್ರಿಟನ್ನಿನ ಜಂಗಲ್, ಡ್ರಮ್ ಅಂಡ್ ಬೇಸ್ ಸಂಗೀತ ಅದರ ಮೇಲೆಯೇ ನಿಂತಿತು. ಸಾವಿರಾರು ಹಾಡುಗಳಲ್ಲಿ ಅದು ಸೇರಿಕೊಂಡಿದೆ. ಪ್ರಶಸ್ತಿ ಬಂದ ಹಾಡು ಇವತ್ತು ಎಷ್ಟು ಜನರಿಗೆ ನೆನಪಿದೆ? ಆ ಏಳು ಸೆಕೆಂಡಿನ ಲಯ ಮಾತ್ರ ಹೆಸರೇ ಗೊತ್ತಿಲ್ಲದವರ ಕಿವಿಯಲ್ಲೂ ಇದೆ.

ಇಲ್ಲಿ ಒಂದು ನೋವೂ ಇದೆ. ಕೋಲ್ಮನ್ ಅವರಿಗೆ ಇದರಿಂದ ಹಣ ಸಿಗಲಿಲ್ಲ. ಅವರು 2006ರಲ್ಲಿ ಬಡತನದಲ್ಲೇ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ 24,000 ಪೌಂಡ್ ಕೊಟ್ಟರು. ಕಲೆ ಉಳಿದರೆ ಸಾಕು ಅನ್ನುವವರಿಗೆ ನಾನು ಈ ಡ್ರಮ್ ವಾದಕನ ಕಥೆಯನ್ನೇ ಹೇಳುತ್ತೇನೆ.

ರೆಕಾರ್ಡಿಂಗ್ ಇದ್ದ ಮೇಲೆ ಹಾಡು ಸಾಯುವುದಿಲ್ಲ ಅಲ್ವಾ?

ಸಾಯುತ್ತದೆ. 2008ರಲ್ಲಿ ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೊ ಆವರಣದಲ್ಲಿ ಬೆಂಕಿ ಬಿದ್ದಾಗ ಹಳೆಯ ಮಾಸ್ಟರ್ ಟೇಪುಗಳೂ ಸುಟ್ಟುಹೋದವು. ಮಾಸ್ಟರ್ ಅಂದರೆ ಮೊದಲ ಮೂಲ ಪ್ರತಿ, ಮುಂದಿನ ಎಲ್ಲ ಪ್ರತಿಗಳೂ ಅದರಿಂದಲೇ ಬರಬೇಕು. ಇನ್ನು ಡಿಜಿಟಲ್ ಆದರೆ ಭದ್ರ ಅನ್ನುತ್ತೀರಾ? ಮೈಸ್ಪೇಸ್ ತಾಣಕ್ಕೆ ಜನ 2015ರವರೆಗೆ ಏರಿಸಿದ್ದ ಸಂಗೀತ ಸರ್ವರ್ ಬದಲಾಯಿಸುವಾಗ ಹೋಗಿಬಿಟ್ಟಿತು ಅಂತ 2019ರಲ್ಲಿ ಹೊರಬಂತು. ಐದು ಕೋಟಿಗೂ ಹೆಚ್ಚು ಹಾಡುಗಳು. ಎಷ್ಟೋ ಹೊಸಬರ ಮೊದಲ ಹಾಡುಗಳಿಗೆ ಅದೊಂದೇ ಜಾಗವಾಗಿತ್ತು.

ಕ್ಯಾಸೆಟ್ಟಿನ ಟೇಪು ಕಾಲಕ್ರಮೇಣ ಸವೆಯುತ್ತದೆ, ಅಂಟುತ್ತದೆ. ನುಡಿಸುವ ಯಂತ್ರವೇ ಸಿಗದಂತಾಗುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಇರುವ ಹಳೆಯ ಕ್ಯಾಸೆಟ್ಟಿನಲ್ಲಿ ಅಪರೂಪದ ಹಾಡೋ, ಮನೆಯ ಹಿರಿಯರ ದನಿಯೋ ಇದ್ದರೆ ದಯವಿಟ್ಟು ಮುಂದೂಡಬೇಡಿ, ಈಗಲೇ ಡಿಜಿಟಲ್ ಪ್ರತಿ ಮಾಡಿಸಿ. ಒಂದಲ್ಲ, ಎರಡು ಪ್ರತಿ, ಬೇರೆ ಬೇರೆ ಕಡೆ ಇಡಿ.

ರೆಕಾರ್ಡಿಂಗ್ ಇಲ್ಲದ ಕಾಲದಲ್ಲಿ ಹಾಡುಗಳು ಹೇಗೆ ಉಳಿದವು?

ಎಡಿಸನ್ ಫೋನೊಗ್ರಾಫ್ ಕಂಡುಹಿಡಿದದ್ದು 1877ರಲ್ಲಿ. ಅದಕ್ಕೆ ಮುಂಚೆ ಹಾಡಿಗೆ ಬಾಯಿ, ಕಿವಿ, ಆಮೇಲೆ ಕಾಗದ ಇಷ್ಟೇ ಆಸರೆ. ಉಳಿದದ್ದೂ ಇಡಿಯಾಗಿ ಉಳಿಯಲಿಲ್ಲ. ಮಾತು ಒಂದು ಕಡೆ, ರಾಗ ಒಂದು ಕಡೆ ಪ್ರಯಾಣ ಮಾಡಿದವು. ಪುರಂದರದಾಸರು 16ನೇ ಶತಮಾನದವರು. ಅವರ ಪದಗಳನ್ನು ನಾವು ಇವತ್ತೂ ಹಾಡುತ್ತೇವೆ. ಆದರೆ ಈಗ ಕೇಳುವ ಎಷ್ಟೋ ಧಾಟಿಗಳು ಆಮೇಲಿನವರು ಹಾಕಿದ್ದು. ಇನ್ನೊಂದು ಕಡೆ ರಾಗ ಉಳಿದು ಮಾತು ಬದಲಾದದ್ದೂ ಉಂಟು. 'ಟ್ವಿಂಕಲ್ ಟ್ವಿಂಕಲ್' ರಾಗ 18ನೇ ಶತಮಾನದ ಫ್ರಾನ್ಸಿನದು. ಮಾತು 1806ರಲ್ಲಿ ಇಂಗ್ಲೆಂಡಿನ ಜೇನ್ ಟೇಲರ್ ಪ್ರಕಟಿಸಿದ ಪದ್ಯ. ಎರಡೂ ಆಮೇಲೆ ಕೂಡಿಕೊಂಡವು.

ಜನಪ್ರಿಯ ಸಂಗೀತದಲ್ಲಿ ಅತಿ ದೀರ್ಘಾಯುಷ್ಯ ಮಕ್ಕಳ ಹಾಡುಗಳಿಗೇ ಅಂತ ನನಗೆ ಅನ್ನಿಸುತ್ತದೆ. ಯಾಕೆಂದರೆ ಅವನ್ನು ಪ್ರತಿ ತಲೆಮಾರೂ ಮುಂದಿನದಕ್ಕೆ ಖುದ್ದಾಗಿ ಕಲಿಸುತ್ತದೆ.

ಹಬ್ಬ, ಹುಟ್ಟುಹಬ್ಬದ ಹಾಡುಗಳು ಯಾಕೆ ಅಷ್ಟು ಕಾಲ ಬಾಳುತ್ತವೆ?

ವರ್ಷಕ್ಕೊಮ್ಮೆ ಅವುಗಳ ಕೆಲಸ ಬೀಳುತ್ತದೆ, ಅದಕ್ಕೆ. ಬ್ರೆಂಡಾ ಲೀ 'ರಾಕಿಂಗ್ ಅರೌಂಡ್ ದ ಕ್ರಿಸ್‌ಮಸ್ ಟ್ರೀ' ಹಾಡನ್ನು 1958ರಲ್ಲಿ, 13 ವರ್ಷದ ಹುಡುಗಿಯಾಗಿದ್ದಾಗ ಹಾಡಿದರು. ಅದು ಹಾಟ್ 100 ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2023ರ ಡಿಸೆಂಬರ್‌ನಲ್ಲಿ. ಆಗ ಅವರಿಗೆ 78 ವರ್ಷ.

ಸ್ಟ್ರೀಮಿಂಗ್ ಬಂದ ಮೇಲೆ ಹಳೆಯ ಹಾಡಿಗೆ ಲಾಭವಾ, ನಷ್ಟವಾ?

ಲಾಭವೇ ಜಾಸ್ತಿ. ಅಮೆರಿಕದ ಸಂಗೀತ ಉದ್ಯಮದ ಲೆಕ್ಕದಲ್ಲಿ 18 ತಿಂಗಳಿಗಿಂತ ಹಿಂದಿನ ಹಾಡನ್ನು 'ಕ್ಯಾಟಲಾಗ್' ಅನ್ನುತ್ತಾರೆ. 2022ರಲ್ಲಿ ಅಲ್ಲಿ ಕೇಳಿದ ಸಂಗೀತದಲ್ಲಿ ಶೇ 70ಕ್ಕೂ ಹೆಚ್ಚು ಪಾಲು ಇಂಥದ್ದೇ. ಹಿಂದೆ ರೆಕಾರ್ಡ್ ಅಂಗಡಿಯ ಕಪಾಟಿನಲ್ಲಿ ಜಾಗ ಸಿಗದಿದ್ದರೆ ಹಾಡಿನ ಕಥೆ ಮುಗಿಯುತ್ತಿತ್ತು. ಈಗ ಹದಿನೈದು ವರ್ಷದ ಹುಡುಗಿಗೆ 1965ರ ಹಾಡೂ ನಿನ್ನೆಯ ಹಾಡೂ ಒಂದೇ ದೂರದಲ್ಲಿವೆ.

ಆದರೆ ಅಲ್ಲಿ ಇದೆ ಅಂದ ಮಾತ್ರಕ್ಕೆ ಯಾರಾದರೂ ಕೇಳುತ್ತಾರೆ ಅಂತಲ್ಲ. ಆ್ಯಪ್ ಮುಂದಿಡುವುದು ಈಗಾಗಲೇ ಹೆಚ್ಚು ಜನ ಕೇಳಿದ್ದನ್ನು. ಒಂದು ದಶಕದ ಹತ್ತಿಪ್ಪತ್ತು ಹಾಡುಗಳೇ ಸುತ್ತಿ ಸುತ್ತಿ ಬರುತ್ತವೆ. ಉಳಿದವು ಅಲ್ಲೇ ಮಲಗಿರುತ್ತವೆ.

ಭಾಷೆ ಅರ್ಥವಾಗದ ಹಾಡು ಬೇರೆ ದೇಶದ ಮುಂದಿನ ತಲೆಮಾರನ್ನು ತಲುಪುತ್ತದಾ?

ತಲುಪಿದೆ. ಕ್ಯೂ ಸಕಾಮೊಟೊ 1961ರಲ್ಲಿ ಜಪಾನಿ ಭಾಷೆಯಲ್ಲಿ ಹಾಡಿದ ಹಾಡು 'ಸುಕಿಯಾಕಿ' ಅನ್ನುವ ಹೆಸರಿನಲ್ಲಿ 1963ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮಿಕಿ ಮತ್ಸುಬಾರ ಅವರ 1979ರ ಜಪಾನಿ ಹಾಡೊಂದು 2020ರ ಹೊತ್ತಿಗೆ ಜಗತ್ತಿನ ಎಷ್ಟೋ ದೇಶಗಳ ಹುಡುಗರ ಫೋನಿನಲ್ಲಿತ್ತು. ಅವರು 2004ರಲ್ಲೇ ತೀರಿಕೊಂಡಿದ್ದರು, ಪಾಪ, ಇದನ್ನು ನೋಡಲಿಲ್ಲ. ರಾಗ, ದನಿ, ಲಯ ಮೊದಲು ಒಳಗೆ ಬರುತ್ತವೆ. ಮಾತಿನ ಅರ್ಥ ಹುಡುಕುವುದು ಆಮೇಲೆ.

ಇವತ್ತಿನ ಯಾವ ಹಾಡು ಉಳಿಯುತ್ತದೆ ಅಂತ ಗುರುತಿಸಲು ಏನಾದರೂ ದಾರಿ ಇದೆಯಾ?

ಖಚಿತವಾದ ದಾರಿ ಇಲ್ಲ. ನಾನು ನೋಡುವ ಕೆಲವು ಗುರುತುಗಳಿವೆ. ವಾದ್ಯ ಇಲ್ಲದೆ ಸಾಧಾರಣ ದನಿಯವರು ಹಾಡಿದರೂ ಹಾಡು ನಿಲ್ಲುತ್ತದಾ? ಬೇರೆ ಗಾಯಕರು ಅದನ್ನು ಕೈಗೆತ್ತಿಕೊಳ್ಳುತ್ತಿದ್ದಾರಾ? ಜಾಹೀರಾತು ನಿಂತ ಎರಡು ವರ್ಷದ ಮೇಲೂ ಜನ ತಾವಾಗಿ ಹಾಕಿಕೊಳ್ಳುತ್ತಿದ್ದಾರಾ? ಮದುವೆ, ಪ್ರವಾಸ, ಬೀಳ್ಕೊಡುಗೆ, ಇಂಥ ಯಾವುದಾದರೂ ಸಂದರ್ಭಕ್ಕೆ ಅದು ಅಂಟಿಕೊಂಡಿದೆಯಾ? ಇವುಗಳಲ್ಲಿ ಮೊದಲನೆಯದಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಜನರ ಬಾಯಿಗೆ ಬರುವ ಹಾಡಿಗೆ ಯಂತ್ರದ ಹಂಗು ಕಡಿಮೆ.

ಎಲ್ಲ ಹಾಡೂ ಉಳಿಯಲೇಬೇಕಾ?

ಬೇಡ. ಒಂದು ಮಳೆಗಾಲ ಜನರನ್ನು ಕುಣಿಸಿ ಹೋದ ಹಾಡೂ ತನ್ನ ಕೆಲಸ ಮಾಡಿದೆ. ಆದರೆ ಕೇಳುವವರು ಬಿಟ್ಟದ್ದರಿಂದ ಮರೆಯಾಗುವುದು ಬೇರೆ, ಪ್ರತಿಯೇ ಹಾಳಾಗಿ ಮರೆಯಾಗುವುದು ಬೇರೆ. ಎರಡನೆಯದನ್ನು ನಾವು ತಡೆಯಬಹುದು, ತಡೆಯಲೇಬೇಕು.

ನನಗೆ ಇಷ್ಟವಾದ ಹಾಡುಗಳನ್ನು ಮನೆಯ ಮಕ್ಕಳಿಗೆ ದಾಟಿಸಬೇಕು. ಏನು ಮಾಡಲಿ?

ಮೊದಲನೆಯದಾಗಿ, 'ನಿಮ್ಮ ಕಾಲದ್ದು ಸಂಗೀತವೇ ಅಲ್ಲ' ಅಂತ ಅನ್ನಬೇಡಿ. ಆ ಮಾತು ಬಂದ ಕ್ಷಣದಲ್ಲೇ ಅವರ ಕಿವಿ ಮುಚ್ಚುತ್ತದೆ. ಅವರ ಹಾಡನ್ನು ನಿಜವಾದ ಆಸಕ್ತಿಯಿಂದ ಕೇಳಿ. ಯಾಕೆ ಇಷ್ಟ ಅಂತ ಕೇಳಿ. ಅದರಲ್ಲಿ ಹಳೆಯ ಹಾಡಿನ ತುಣುಕು ಇದ್ದರೆ ಮೂಲ ಹಾಡನ್ನು ಅಲ್ಲೇ ಹಾಕಿ ತೋರಿಸಿ. ನಾನು ನೋಡಿದ ಹಾಗೆ ಇದರಷ್ಟು ಚೆನ್ನಾಗಿ ನಾಟುವ ದಾರಿ ಇನ್ನೊಂದಿಲ್ಲ.

ಎರಡನೆಯದು, ಹಾಡಿ. ದನಿ ಚೆನ್ನಾಗಿಲ್ಲ ಅಂತ ಹಿಂಜರಿಯಬೇಡಿ. ಮಗುವಿಗೆ ಬೇಕಾದದ್ದು ನಿಮ್ಮ ದನಿ.

ಇನ್ನು ಪಟ್ಟಿ ಮಾಡಿಡುವುದು. ಹಾಡಿನ ಹೆಸರಿನ ಜೊತೆಗೆ ಬರೆದವರು, ರಾಗ ಹಾಕಿದವರು, ಹಾಡಿದವರು, ವರ್ಷ ಇವನ್ನೂ ಬರೆದಿಡಿ. ಆ್ಯಪಿನ ಪಟ್ಟಿಯನ್ನು ಮಾತ್ರ ನಂಬಬೇಡಿ. ಪರವಾನಗಿ ಮುಗಿದರೆ ಹಾಡು ಅಲ್ಲಿಂದ ಹೇಳದೆ ಕೇಳದೆ ಮಾಯವಾಗುತ್ತದೆ. ಆಗ ಹುಡುಕಲು ಈ ನಾಲ್ಕು ವಿವರಗಳೇ ಆಧಾರ. ನೋಟ್‌ಬುಕ್ಕಿನಲ್ಲಿ ಬರೆದರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ, ಈ ಹಾಡು ನಿಮಗೆ ಯಾರಿಂದ ಬಂತು ಅಂತ ಒಂದು ಸಾಲು ಸೇರಿಸಿ.